ನಿಧಾನದವಳಿಗೆ ಮೂರು ಇಂಗ್ಲಿಷ್ ಹೆಸರು

"ಮಮ್ಮಿ, ಸ್ಲೋಕೋಚ್!"

ನಾಸಿಕ್‌ಗೆ ಬಂದ ಮೊದಲ ವಾರ ಮಗಳು ಗೌರಿ ಬಾಗಿಲಲ್ಲಿ ನಿಂತು ಹೀಗೆ ಕೂಗಿದಾಗ ನಾನು ಲಿಂಗಪೂಜೆಯಲ್ಲಿದ್ದೆ. ಪೂಜೆಯ ನಡುವೆ ಮಾತಾಡುವುದಿಲ್ಲ. ಮುಗಿಸಿ ಏಳುವಷ್ಟರಲ್ಲಿ ಶಾಲೆಯ ವ್ಯಾನು ಹೋಗಿತ್ತು.

ಸೇಡಂನಿಂದ ಮದುವೆಯಾಗಿ ಹೋಗಿ ಮರಾಠಿ ಸೀಮೆಯ ಚಿಕಲಠಾಣಾದ ಒಂದು ಓಣಿಯಲ್ಲಿ ಇದ್ದಷ್ಟು ಕಾಲ ನನ್ನನ್ನು ಯಾರೂ ನಿಧಾನದವಳು ಅಂದಿರಲಿಲ್ಲ. ಆ ಓಣಿಯ ತುಂಬ ನಮ್ಮ ಕಡೆಯವರೇ, ಎಲ್ಲರದೂ ನನ್ನದೇ ನಡಿಗೆ. ಮನೆಯವರಿಗೆ ನಾಸಿಕ್ ಹತ್ತಿರದ ಸಿನ್ನರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು. ಬಾಡಿಗೆ ಮನೆಗೆ ಬೆಳಗಿನ ಬಿಸಿಲು ಬರುತ್ತದೆ, ಜೋಳದ ಹಿಟ್ಟು ಹತ್ತಿರದಲ್ಲೇ ಸಿಗುತ್ತದೆ. ಶಿವ ಇಷ್ಟು ಕೊಟ್ಟಿದ್ದಾನೆ. ಆದರೆ ಇಲ್ಲಿ ಸುತ್ತ ಎಲ್ಲ ಮರಾಠಿ. ನಾನು ಉತ್ತರವನ್ನು ಮೊದಲು ಕನ್ನಡದಲ್ಲಿ ಕಟ್ಟಿ ಆಮೇಲೆ ಮರಾಠಿಗೆ ತಿರುಗಿಸಬೇಕು. ಅಷ್ಟರಲ್ಲಿ ಕೇಳಿದವರು ಮುಂದಿನ ಮಾತಿಗೆ ಹೋಗಿರುತ್ತಾರೆ. ಗೌರಿ ಇನ್ನೆರಡು ಹೆಸರು ತಂದಳು: ಸ್ಲೋಪೋಕ್, ಟ್ಯೂಬ್‌ಲೈಟ್.

ಮೇಲಿನ ಮನೆಯ ಶೈಲಾತಾಯಿ (ತಾಯಿ ಅಂದರೆ ಇಲ್ಲಿ ಅಕ್ಕ) ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅವರನ್ನೇ ಕೇಳಿದೆ.

"ಕೋಚ್ ಅಂದರೆ ಇಂಗ್ಲೆಂಡಿನ ಕುದುರೆ ಸಾರೋಟು. ನಿಧಾನದ ಸಾರೋಟಿನ ಹೆಸರು ನಿಧಾನದ ಮನುಷ್ಯರಿಗೆ ಅಂಟಿತು. ಸ್ಲೋಪೋಕ್ ಅಮೆರಿಕದವರದು, ಕಾಲೆಳೆದುಕೊಂಡು ನಡೆಯುವವರಿಗೆ. ಟ್ಯೂಬ್‌ಲೈಟ್ ಮಾತ್ರ ನಮ್ಮ ದೇಶದ್ದೇ! ಹಳೆಯ ಟ್ಯೂಬು ಸ್ವಿಚ್ ಒತ್ತಿದ ಮೇಲೆ ಮಿಣಮಿಣ ಅಂದು ಆಮೇಲೆ ಹತ್ತುತ್ತಿತ್ತಲ್ಲ?" ಎಂದು ನಕ್ಕರು. ನಾನೂ ನಕ್ಕೆ.

ನಗು ಹೆಚ್ಚು ದಿನ ಉಳಿಯಲಿಲ್ಲ. "ಪೇರೆಂಟ್ಸ್ ಮೀಟಿಂಗಿಗೆ ನೀ ಬರಬ್ಯಾಡ, ಪಪ್ಪಾಗ ಕಳಸು," ಅಂದಳು ಗೌರಿ. ಹೆತ್ತ ಮಗಳಿಗೆ ನಾನು ನಾಚಿಕೆಯಾದೆನಲ್ಲ ಎಂದು ಅನ್ನ ಸೇರಲಿಲ್ಲ. ಆದರೆ ಮನೆಯವರಿಗೆ ಅಂದು ರಜೆ ಸಿಗಲಿಲ್ಲ. ನಾನೇ ಹೋದೆ.

ನಮ್ಮ ಕಡೆ ಊಟ ವಿಚಾರಿಸದೆ ಯಾರೂ ಕೆಲಸದ ಮಾತಿಗೆ ಬರುವುದಿಲ್ಲ. ಟೀಚರಮ್ಮನಿಗೆ "ಜೇವಣ ಝಾಲಂ ಕಾ?" ಅಂದೆ. ಊಟ ಆಯಿತೇ ಅಂತ. ಹಿಂದೆ ಸಾಲಿನಲ್ಲಿ ನಿಂತಿದ್ದ ಪಾಲಕರಲ್ಲಿ ಯಾರೋ ಕಿಸಕ್ಕೆಂದರು. ಗೌರಿ ನೆಲ ನೋಡಿದಳು.

ಟೀಚರು ಗಡಿಯಾರ ನೋಡಿ ಅಂದರು, "ಗೌರಿ ತುಂಬ ಸ್ಲೋ. ಪ್ರಶ್ನೆ ಕೇಳಿದರೆ ನಿಂತೇ ಇರ್ತಾಳೆ. ಮಕ್ಕಳು ಟ್ಯೂಬ್‌ಲೈಟ್ ಅಂತ ನಗ್ತಾರೆ."

ಆ ಹೆಸರುಗಳು ಮನೆಗೆ ಎಲ್ಲಿಂದ ಬಂದವೆಂದು ಆಗ ತಿಳಿಯಿತು. ಅವಸರ ಮಾಡದೆ ಮಾತು ಜೋಡಿಸಿಕೊಂಡೆ.

"ತಡವಾಗಿ ಹೇಳಿದ ಉತ್ತರ ಸರಿ ಇರ್ತದಾ, ಮ್ಯಾಡಮ್?"

ಅವರೂ ತುಸು ತಡೆದರು. "ಸರಿ ಇರ್ತದೆ."

"ಹಾಗಾದರೆ ಸ್ವಲ್ಪ ಕಾಯಿರಿ. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಇಲ್ಲಿ ಇಂಗ್ಲಿಷು. ದೂರದಿಂದ ಬರಬೇಕು ಉತ್ತರ."

"ಕಾಯ್ತೀನಿ," ಅಂದರು. ದೊಡ್ಡ ಮನಸ್ಸು.

ರಿಕ್ಷಾದಲ್ಲಿ ಗೌರಿ ನನ್ನ ಕೈ ಹಿಡಿದಳು. "ನನಗೂ ಹಂಗೇ ಅಂತಾರ ಮಮ್ಮಿ."

"ಗೊತ್ತಾತು."

"ಯಾವಾಗ?"

"ಈಗಷ್ಟ. ನಾ ಟ್ಯೂಬ್‌ಲೈಟ್ ಅಲ್ಲೇನು?"

ಮೊನ್ನೆ ಸೇಡಂನಿಂದ ತಂಗಿ ಫೋನು ಮಾಡಿ ಸಾರಿಗೆ ಏನು ಹಾಕಿದೆ ಅಂದಳು. ಬಾಯಿಗೆ ಮರಾಠಿಯ ಕೋಥಿಂಬೀರ್ ಬಂತು, ನಮ್ಮ ಶಬ್ದ ಬರಲಿಲ್ಲ. "ಯಾಕ ನಿಂತಿ ಅಕ್ಕಾ? ಅಲ್ಲಿ ಹೋಗಿ ಭಾಳ ನಿಧಾನ ಆಗಿ ನೋಡು," ಅಂದಳು. ಈಗ ಎರಡೂ ಊರಿಗೆ ನಾನು ತಡ.

ಗೌರಿ ಫೋನು ಕಸಿದುಕೊಂಡು ತನ್ನ ಅರೆಬರೆ ಕನ್ನಡದಲ್ಲಿ ಚಿಕ್ಕಮ್ಮನಿಗೆ ಅಂದಳು, "ತಡೀರಿ ಮೌಶಿ, ಟ್ಯೂಬ್ ಹತ್ತತದ."

"ಕೊತ್ತಂಬರಿ," ಅಂದೆ ನಾನು.