ರೇಡಿಯೇಟರಿಗೆ ನೀರು ಹಾಕಿದವರು

ಸತ್ತವರು ಸುಳಿದಾಡುತ್ತಾರೆ ಎಂಬ ಮಾತು ಬಂದಾಗಲೆಲ್ಲ ನಗುತ್ತಿದ್ದವನು ನಾನು. ಮೃತರ ಸ್ಮರಣೆಯ ದಿನ ನಮ್ಮ ಚರ್ಚಿನವರು ಸಮಾಧಿಗೆ ಸುಣ್ಣ ಬಳಿದು ಮೇಣದ ಬತ್ತಿ ಹಚ್ಚಿ ಬರುತ್ತಾರೆ. ಆ ರಾತ್ರಿ ತೀರಿಕೊಂಡವರು ಬಾಯಾರಿ ಬರುತ್ತಾರೆಂದು ನನ್ನ ತಾಯಿ ಒಂದು ಲೋಟ ನೀರು ಇಟ್ಟು ಮಲಗುತ್ತಿದ್ದರು. ಬೆಳಿಗ್ಗೆ ನೀರು ಇದ್ದಷ್ಟೇ ಇರುತ್ತಿತ್ತು. ಅದನ್ನು ತೋರಿಸಿ ಅವರನ್ನು ರೇಗಿಸುವುದು ನನಗೆ ಒಂದು ಆಟವಾಗಿತ್ತು.

ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ. ನನಗೇ ಪೂರ್ತಿ ನಂಬಿಕೆ ಬಂದಿಲ್ಲ. ಆದರೆ ನಡೆದದ್ದನ್ನು ಹೇಳದಿದ್ದರೆ, ಅದರಲ್ಲಿ ನಾನು ನಡೆದುಕೊಂಡ ರೀತಿಯೂ ನನ್ನ ಜೊತೆಗೇ ಮಣ್ಣಾಗುತ್ತದೆ. ಹಾಗಾಗಬಾರದು.

ನಾನು ಎಸ್ಸೆಸ್ಸೆಲ್ಸಿ ಓದಿ, ಒಂದು ಗಿರಣಿಯ ಸ್ಟೋರಿನಲ್ಲಿ ದುಡಿದು ನಿವೃತ್ತನಾದವನು. ಒಂಟಿಕೊಪ್ಪಲಿನಲ್ಲಿ ನಮ್ಮ ಮನೆ. ನಿವೃತ್ತಿಗೆ ಮುಂಚೆಯೇ ಒಂದು ಹಳೆಯ ಕಾರು ಕೊಂಡಿದ್ದೆ. ಅದನ್ನು ಎಷ್ಟು ಪ್ರೀತಿಸುತ್ತಿದ್ದೆನೆಂದರೆ, ಅದಕ್ಕೆ ವಯಸ್ಸಾಗಿದೆ ಎಂದು ಯಾರಾದರೂ ಅಂದರೆ ನನಗೇ ಅಂದಂತೆ ಆಗುತ್ತಿತ್ತು. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿಂತು, "ಇಷ್ಟು ವರ್ಷಕ್ಕೆ ಒಂದು ದಿನ ಬಿಸಿಯಾಗಿ ನಿಂತಿಲ್ಲ" ಎಂದು ಎಲ್ಲರಿಗೂ ಹೇಳುತ್ತಿದ್ದೆ.

ನಿಂತಿರಲಿಲ್ಲ, ನಿಜ. ಆದರೆ ರೇಡಿಯೇಟರಿನಿಂದ ಇಂಜಿನ್ನಿಗೆ ಹೋಗುವ ಕೆಳಗಿನ ರಬ್ಬರ್ ಪೈಪು ಹಳತಾಗಿ ಬಿರಿದಿತ್ತು. ಲಷ್ಕರ್ ಮೊಹಲ್ಲಾದ ಮೆಕ್ಯಾನಿಕ್ ಒಬ್ಬರು ಅದನ್ನು ಹಿಂಡಿ ನೋಡಿ, "ಮೇಲಿಂದು ಕೆಳಗಿಂದು ಎರಡೂ ಬದಲಾಯಿಸ್ಬುಡಿ ಸಾರ್" ಅಂದಿದ್ದರು. ಮೆಕ್ಯಾನಿಕ್‌ಗಳು ಹೇಳುವುದೇ ಹಾಗೆ ಎಂದುಕೊಂಡು ಮನೆಗೆ ಬಂದೆ. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಪೈಪಿಗೆ ಬಿಗಿಯಾಗಿ ಸುತ್ತಿ, ಎರಡು ಕಡೆ ತಂತಿ ಕಟ್ಟಿದೆ. ಸ್ಟೋರಿನಲ್ಲಿ ಕೆಲಸ ಮಾಡಿದವನಿಗೆ ಯಾವುದನ್ನೂ ಎಸೆಯಲು ಮನಸ್ಸು ಬರುವುದಿಲ್ಲ. ಅದನ್ನು ಜಾಣತನ ಎಂದುಕೊಂಡಿದ್ದೆ.

ನನ್ನ ಹೆಂಡತಿ ಸಿಸಿಲಿ ಬೆಳಗಿನ ಜಾವ ಶೆಡ್ಡು ಗುಡಿಸುವಾಗ ಕಾರಿನ ಕೆಳಗೆ ನೀರು ನೋಡಿದಳು.

"ರೀ, ಕಾರು ಸೋರ್ತಾ ಇದೆ."

"ಅದು ಏಸಿ ನೀರು ಕಣೇ. ಏಸಿ ಹಾಕಿದ್ರೆ ತೊಟ್ಟಿಕ್ಕುತ್ತೆ. ಕಾರಿನ ವಿಷ್ಯ ನಿನಗೇನ್ ಗೊತ್ತು?"

ಅವಳು ಬೆರಳನ್ನು ಒದ್ದೆ ಮಾಡಿ ನನ್ನ ಮುಖದ ಹತ್ತಿರ ಹಿಡಿದಳು. "ಏಸಿ ನೀರು ಹಸಿರಾಗಿರ್ತದೇನ್ರೀ?"

ರೇಡಿಯೇಟರಿಗೆ ಹಾಕುವ ಕೂಲಂಟ್ ಹಸಿರು ಬಣ್ಣದ್ದು. ಅದು ಅವಳಿಗೆ ತಿಳಿದಿರಲಿಕ್ಕಿಲ್ಲ, ನನಗಂತೂ ತಿಳಿದಿತ್ತು. ಅದಕ್ಕೇ ಸಿಟ್ಟು ಬಂತು. ಅಡುಗೆಮನೆ ನೋಡಿಕೋ ಹೋಗು ಎಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಅಲ್ಲಿಂದಾಚೆ ಕಾರು ಒಂದು ದಿನವೂ ಬಿಸಿಯಾಗಲಿಲ್ಲ, ನನ್ನ ಸೈಕಲ್ ಟ್ಯೂಬಿನ ಮೇಲೆ ನನಗೆ ಹೆಮ್ಮೆಯೂ ಬೆಳೆಯಿತು.

ಸಿಸಿಲಿಗೆ ಹೃದಯದ ತೊಂದರೆ ಇತ್ತು. ಭಾರ ಎತ್ತಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅವಳು ಶೆಡ್ಡಿನಲ್ಲಿ ಕಾರಿನ ಮುಂದಿನ ಚಕ್ರಕ್ಕೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಬಕೆಟ್ಟು, ನೀಲಿ ಮಗ್ಗು, ನೆಲವೆಲ್ಲ ಒದ್ದೆ. ಶೆಡ್ಡಿನ ಪಕ್ಕದಲ್ಲೇ ಅವಳ ಗುಲಾಬಿ ಕುಂಡಗಳಿದ್ದವು.

"ಗಿಡಕ್ಕೆ ನೀರು ಹೊರಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?" ಎಂದು ಗದರಿದೆ. ಮುಖವೆಲ್ಲ ಬೆವರಿದ್ದರೂ ಅವಳು ಸಣ್ಣಗೆ ನಕ್ಕಳು. "ಬಯ್ಬೇಡಿ. ಆಸ್ಪತ್ರೆಗೆ ಹೋಗ್ಬೇಕು ಅನ್ನಿಸ್ತಿದೆ. ಕಾರು ತೆಗೀರಿ, ಬಿಸಿ ಆಗಲ್ಲ" ಅಂದಳು. ಸಂಕಟದಲ್ಲಿ ಏನೋ ಹೇಳುತ್ತಿದ್ದಾಳೆ ಎಂದುಕೊಂಡೆ. ದಾರಿಯುದ್ದಕ್ಕೂ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಲಿಲ್ಲ. ಅಂದು ಮಧ್ಯಾಹ್ನ ಅವಳು ಆಸ್ಪತ್ರೆಯಲ್ಲೇ ತೀರಿಕೊಂಡಳು.

ಇಲವಾಲದಿಂದ ಅವಳ ತಂಗಿ ಸ್ಟೆಲ್ಲಾ ಬಂದು, ಚರ್ಚಿನಲ್ಲಿ ಅವಳ ತಿಂಗಳ ಪೂಜೆ ಮುಗಿಯುವವರೆಗೂ ಅಡುಗೆ ನೋಡಿಕೊಂಡು ನಮ್ಮಲ್ಲೇ ಇದ್ದಳು. ನಾನು ಪ್ರತಿ ಸಂಜೆ ಕಾರು ತೆಗೆದುಕೊಂಡು ಸಮಾಧಿಗೆ ಹೋಗಿ ಬರುತ್ತಿದ್ದೆ. ಆ ದಿನಗಳಲ್ಲಿ ಬೆಳಿಗ್ಗೆ ಶೆಡ್ಡಿಗೆ ಹೋದರೆ, ಕಾರಿನ ಮುಂದೆ ಬಕೆಟ್ಟಿನ ತಳ ಊರಿದಂತೆ ನೆಲದ ಮೇಲೆ ಒಂದು ಒದ್ದೆ ಉಂಗುರ ಕಾಣುತ್ತಿತ್ತು. ನೀರಿನ ಡ್ರಮ್ಮಿನ ಮುಚ್ಚಳದ ಮೇಲೆ ನೀಲಿ ಮಗ್ಗು ಬಾಯಿ ಮೇಲಾಗಿ ಕೂತಿರುತ್ತಿತ್ತು, ತಳದಲ್ಲಿ ಸ್ವಲ್ಪ ನೀರು. ಸಿಸಿಲಿಗೆ ಕೆಲಸ ಮುಗಿದ ಮೇಲೆ ಮಗ್ಗನ್ನು ಬೋರಲು ಹಾಕುವ ಅಭ್ಯಾಸ. ಮೇಲ್ಮುಖ ಇದ್ದರೆ ಇನ್ನೂ ಕೆಲಸ ಬಾಕಿಯಿದೆ ಎಂದರ್ಥ. ಸ್ಟೆಲ್ಲಾ ಬಟ್ಟೆ ಒಗೆಯಲು ತೆಗೆದುಕೊಂಡಿರಬೇಕು ಎಂದುಕೊಂಡು ಸುಮ್ಮನಾದೆ.

ತಿಂಗಳ ಪೂಜೆಯ ಮರುದಿನ ಸ್ಟೆಲ್ಲಾಳನ್ನು ಇಲವಾಲಕ್ಕೆ ಬಿಟ್ಟು ಬರಬೇಕಿತ್ತು. ಅವಳ ಟ್ರಂಕು ಎತ್ತಿಡಲು ಎದುರು ಮನೆಯ ಆಟೋ ಶಿವಣ್ಣನನ್ನು ಕರೆದೆ. ಅವನು ಟ್ರಂಕು ಇಟ್ಟವನು ಕಾರಿನ ಕೆಳಗೆ ಬಗ್ಗಿ ನೋಡಿದ. ಆಮೇಲೆ ಬಾನೆಟ್ ತೆಗೆದು, ರೇಡಿಯೇಟರಿನ ಮುಚ್ಚಳ ತಿರುಗಿಸಿದ. ನೀರು ಬಾಯಿಮಟ್ಟಕ್ಕೆ ಇತ್ತು.

"ಈಗ ನೀರು ಯಾರು ಹಾಕ್ತಾವ್ರೆ ಅಣ್ಣ?" ಅಂದ.

"ಯಾವ ನೀರೋ?"

ಅವನು ಒಂದು ಸಲ ಸ್ಟೆಲ್ಲಾಳ ಮುಖ ನೋಡಿದ, ಒಂದು ಸಲ ನನ್ನ ಮುಖ ನೋಡಿದ. "ಸಿಸಿಲಮ್ಮೋರು ದಿನಾ ಬೆಳಗ್ಗೆ ಹಾಕೋರಲ್ಲಣ್ಣ. ಎಂಗೆ ಹಾಕ್ಬೇಕು ಅಂತ ನಾನೇ ತೋರಿಸ್ಕೊಟ್ಟಿದ್ದೆ. ಇಂಜಿನ್ ತಣ್ಣಗಿರುವಾಗ್ಲೇ ಮುಚ್ಚಳ ತೆಗೀಬೇಕು ಅಂದಿದ್ದಕ್ಕೇ ಅಷ್ಟೊತ್ತಿಗೆ ಏಳೋರು. ನಿಮಗೆ ಹೇಳ್ತೀನಿ ಅಂದ್ರೆ, ಬೇಡ ಕಣೋ, ಅವರಿಗೆ ಬೇಜಾರಾಗುತ್ತೆ, ಚರ್ಚಲ್ಲಿ ಎಲ್ಲರ ಹತ್ರ ಕಾರಿನ ಸುದ್ದಿ ಹೇಳ್ಕೊಂಡು ಖುಷಿಯಾಗವ್ರೆ, ಇರ್ಲಿ ಬುಡು ಅನ್ನೋರು."

ನಾನು ಡ್ರಮ್ಮನ್ನು ಹಿಡಿದುಕೊಂಡು ನಿಂತೆ. ಚಕ್ರಕ್ಕೆ ಒರಗಿ ಕೂತವಳು, ಬಕೆಟ್ಟು, ಒದ್ದೆ ನೆಲ, "ಬಿಸಿ ಆಗಲ್ಲ" ಎಂಬ ಮಾತು, ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಅವಳು ಹೊತ್ತ ಕೊನೆಯ ಭಾರ ಗುಲಾಬಿ ಗಿಡದ್ದಲ್ಲ, ನನ್ನ ಜಂಬದ್ದು.

"ನೀನು ಹಾಕ್ತಿದ್ಯಾ?" ಎಂದು ಸ್ಟೆಲ್ಲಾಳನ್ನು ಕೇಳಿದೆ.

"ಇಲ್ಲ ಭಾವ. ಬಾನೆಟ್ ತೆಗಿಯೋದು ಎಂಗೆ ಅಂತ್ಲೂ ಗೊತ್ತಿಲ್ಲ ನಂಗೆ. ನೀವೇ ಏಳ್ತಿದ್ರಿ ಅಂದ್ಕೊಂಡಿದ್ದೆ. ದಿನಾ ಜಾವದಲ್ಲಿ ಬಕೆಟ್ ಸದ್ದು ಕೇಳೋದು."

ನಾನು ಆ ತಿಂಗಳು ನಿದ್ದೆ ಮಾತ್ರೆ ನುಂಗಿ ಮಲಗುತ್ತಿದ್ದೆ, ಏಳುವಾಗ ಚೆನ್ನಾಗಿ ಬೆಳಕಾಗಿರುತ್ತಿತ್ತು. ಗೇಟಿಗೆ ಒಳಗಿನಿಂದ ಬೀಗ, ಬೀಗದ ಕೈ ನನ್ನ ದಿಂಬಿನ ಕೆಳಗೆ. ಶಿವಣ್ಣ ಸುಳ್ಳು ಹೇಳುವವನಲ್ಲ. ಅವನು ನನ್ನ ಸೈಕಲ್ ಟ್ಯೂಬಿನ ಕಟ್ಟು ಬಿಚ್ಚಿದ. ಒಳಗಿನ ಪೈಪು ಬೆರಳುದ್ದ ಸೀಳಿಹೋಗಿತ್ತು. ಕಟ್ಟು ಬಿಚ್ಚಿದ್ದೇ ತಡ ನೀರೆಲ್ಲ ನಮ್ಮ ಕಾಲ ಮೇಲೆ ಸುರಿಯಿತು. ಹಸಿರು ಬಣ್ಣ ಎಂದೋ ಹೋಗಿತ್ತು, ಬರೀ ನಲ್ಲಿ ನೀರು. "ಇದ್ರಲ್ಲಿ ದಿನಾ ಸಮಾಧಿಗೆ ಹೋಗಿ ಬಂದ್ರಾ? ನೀರು ಹಾಕ್ದೆ? ಆಗದ ಮಾತು ಬುಡಿ ಅಣ್ಣ" ಅಂದ.

ಸ್ಟೆಲ್ಲಾ ಬಸ್ಸಿನಲ್ಲಿ ಹೋದಳು. ಶಿವಣ್ಣ ಲಷ್ಕರ್ ಮೊಹಲ್ಲಾಕ್ಕೆ ಹೋಗಿ ಎರಡು ಹೊಸ ಪೈಪು, ಕ್ಲಿಪ್ಪು, ಕೂಲಂಟ್ ತಂದು ಅವತ್ತೇ ಹಾಕಿಕೊಟ್ಟ. ಇಷ್ಟೇ ಕೆಲಸ. ಕಾಫಿ ಕುಡಿದು ಲೋಟ ಕೆಳಗಿಡುವುದರೊಳಗೆ ಮುಗಿಯಿತು ಎನ್ನುವಷ್ಟು ಸಣ್ಣದು.

ಮರುದಿನದಿಂದ ಒದ್ದೆ ಉಂಗುರ ಕಾಣಲಿಲ್ಲ. ನೆಲ ಒಣಗಿತ್ತು. ಮಗ್ಗು ಡ್ರಮ್ಮಿನ ಮೇಲೆ ಬೋರಲು ಬಿದ್ದಿತ್ತು.

ಇದಾದ ಮೇಲೆ ನಾನು ಮಾಡಿದ್ದನ್ನು ಹೇಳಲು ಹೆಚ್ಚು ನಾಚಿಕೆಯಾಗುತ್ತದೆ. ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ಹೊಸ ಪೈಪಿನ ಕ್ಲಿಪ್ಪನ್ನು ನಾನೇ ಸಡಿಲ ಮಾಡಿದೆ. ನೀರು ತೊಟ್ಟಿಕ್ಕತೊಡಗಿತು. ಮಗ್ಗನ್ನು ಮೇಲ್ಮುಖ ಮಾಡಿ ಇಟ್ಟೆ. ಬಕೆಟ್ಟು ತುಂಬಿಸಿ ಕಾರಿನ ಮುಂದೆ ಇಟ್ಟೆ. ಮಾತ್ರೆ ನುಂಗದೆ ಮಲಗಿ ಕಿವಿಗೊಟ್ಟೆ. ನೀರು ಹೊತ್ತು ಸತ್ತವಳನ್ನು ಮತ್ತೆ ನೀರು ಹೊರಲು ಕರೆದೆ. ಅವಳನ್ನು ಕರೆಯಲು ನನಗೆ ಬೇರೆ ಯಾವ ದಾರಿಯೂ ತಿಳಿದಿರಲಿಲ್ಲ ಎಂಬುದೇ ನಮ್ಮ ಸಂಸಾರ ಎಂಥದ್ದಾಗಿತ್ತು ಎಂಬುದಕ್ಕೆ ಸಾಕ್ಷಿ.

ಯಾವ ಸದ್ದೂ ಕೇಳಲಿಲ್ಲ. ಬೆಳಿಗ್ಗೆ ಹೋಗಿ ನೋಡಿದೆ. ರೇಡಿಯೇಟರಿನಲ್ಲಿ ನೀರು ತಳ ಮುಟ್ಟಿತ್ತು. ಬಕೆಟ್ಟು ತುಂಬಿದಂತೆಯೇ ಇತ್ತು. ಮಗ್ಗು ಮಾತ್ರ ಬೋರಲಾಗಿತ್ತು.

ನಾನೇ ಮರೆತು ಹಾಗಿಟ್ಟೆನೋ, ಬೆಕ್ಕು ಬೀಳಿಸಿತೋ ಗೊತ್ತಿಲ್ಲ. ಪಾಪನಿವೇದನೆಯಲ್ಲಿ ಫಾದರ್‌ಗೆ ಎಲ್ಲ ಹೇಳಿದೆ. ಅವರು ನೀರಿನ ವಿಷಯ ಬಿಟ್ಟು, "ಬದುಕಿದ್ದಾಗ ಒಂದು ಸಲವಾದರೂ ಅವರಿಗೆ ಥ್ಯಾಂಕ್ಸ್ ಹೇಳಿದ್ದಿರಾ?" ಎಂದು ಮಾತ್ರ ಕೇಳಿದರು. ಹೇಳಿದ್ದು ನೆನಪಿಲ್ಲ. ಆ ಒಂದು ತಿಂಗಳು ನೀರು ಹಾಕಿದ್ದು ಅವಳೇ ಆದರೆ, ಕ್ಷಮಿಸಿ ಹಾಕಿದಳೋ, ನನಗೆ ನಾಚಿಕೆಯಾಗಲಿ ಎಂದು ಹಾಕಿದಳೋ, ಅಥವಾ ಬರೀ ಅಭ್ಯಾಸಬಲದಿಂದಲೋ, ಅದೂ ತಿಳಿಯಲಿಲ್ಲ.

ಆ ಬೆಳಿಗ್ಗೆ ಕ್ಲಿಪ್ಪು ಬಿಗಿ ಮಾಡಿ, ಬಕೆಟ್ಟು ಎತ್ತಿ ನಾನೇ ನೀರು ಹಾಕಿದೆ. ಎರಡು ಕೈಯಲ್ಲಿ ಎತ್ತಿದರೂ ಅದು ಭಾರವಾಗಿತ್ತು. ಪೈಪು ಈಗ ಸೋರುವುದಿಲ್ಲ. ಆದರೂ ಜಾವಕ್ಕೆ ಎದ್ದು ಹೋಗಿ ಮುಚ್ಚಳ ತೆಗೆದು ನೋಡುತ್ತೇನೆ. ಶೆಡ್ಡಿನ ಬಾಗಿಲು ತಳ್ಳುವ ಮುಂಚೆ ಹೊರಗೆ ನಿಂತು ಒಂದು ಸಲ ಕೆಮ್ಮುತ್ತೇನೆ. ಒಳಗೆ ಯಾರಾದರೂ ಕೆಲಸದಲ್ಲಿದ್ದರೆ ಬೆಚ್ಚಿಬೀಳಬಾರದು.