ವನಜಾಕ್ಷಿ ಗೈರುಹಾಜರಾದ ದಿನ

ಅಮೃತೂರಿನ ಹತ್ತಿರದ ಹಳ್ಳಿಯಲ್ಲಿ ಕಾಳಯ್ಯ ತೀರಿಕೊಂಡ ಮೇಲೆ ಅವನ ಎರಡನೇ ಹೆಂಡತಿಯ ಮಗ ಕಾಂತೇಶ್ ಜಮೀನಿನ ಖಾತೆಗಾಗಿ ವಂಶವೃಕ್ಷ ಮಾಡಿಸಿದ. ಅದರಲ್ಲಿ ಕಾಳಯ್ಯ ಮೊದಲು ಕೈಹಿಡಿದ ರಂಗಮ್ಮನ ಹೆಸರಿರಲಿಲ್ಲ. ಅವಳ ಮಗಳು ವನಜಾಕ್ಷಿಯ ಹೆಸರೂ ಇರಲಿಲ್ಲ.

ವನಜಾಕ್ಷಿಗೆ ಮೂರು ವರ್ಷವಿದ್ದಾಗ ಕಾಳಯ್ಯ ತಾಯಿ ಮಗಳಿಬ್ಬರನ್ನೂ ಮನೆಯಿಂದ ಹೊರಹಾಕಿದ್ದ. ರಂಗಮ್ಮ ತುಮಕೂರಿಗೆ ಬಂದು ಹಾಸ್ಟೆಲ್ಲುಗಳಲ್ಲಿ ಅಡುಗೆ ಮಾಡಿ ಮಗಳನ್ನು ಸಾಕಿದಳು. ಶಾಲೆಗೆ ಸೇರಿಸಿದ ಸೋದರಮಾವ ತಂದೆಯ ಜಾಗದಲ್ಲಿ ತನ್ನ ಹೆಸರನ್ನೇ ಬರೆಸಿದ. ಮುಂದೆ ಎರಡು ಸಲ ಮದುವೆಯ ಮಾತು ಬಂತು. ಎರಡೂ ಸಲ ಗಂಡಿನವರು ತಂದೆಯ ಕಡೆಯವರನ್ನು ವಿಚಾರಿಸಲು ಹೋದಾಗ ಮುರಿದುಬಿತ್ತು. ವನಜಾಕ್ಷಿ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿ ಅಲ್ಲೇ ನಲವತ್ತು ದಾಟಿದಳು.

ವಂಶವೃಕ್ಷದ ಸುದ್ದಿ ಕೇಳಿದ ದಿನ ರಂಗಮ್ಮ ಊಟ ಮಾಡಲಿಲ್ಲ. "ನನ್ನ ಬುಡು, ನಿನ್ನ ಹೆಸರಾದ್ರೂ ಬರೀಬೋದಿತ್ತಲ್ಲ," ಅಂದಳು. ತಾನು ಕಾಳಯ್ಯನ ಮಗಳೆಂದು ಘೋಷಿಸಬೇಕೆಂದು ವನಜಾಕ್ಷಿ ಕುಣಿಗಲ್ ಕೋರ್ಟಿನಲ್ಲಿ ದಾವೆ ಹಾಕಿದಳು. ಜಮೀನಿನ ಆಸೆಗೆ ಬಂದಿದ್ದಾಳೆ ಎಂದು ಕಾಂತೇಶ್ ಊರೆಲ್ಲ ಹೇಳಿಕೊಂಡು ಬಂದ.

ಕಾಗದಪತ್ರ ಒಂದೂ ಇರಲಿಲ್ಲ. ರಂಗಮ್ಮನ ಹೊರತು ಆ ಮದುವೆ ಕಂಡವರಲ್ಲಿ ಉಳಿದಿದ್ದವರು ನರಸಿಂಹಯ್ಯ ಒಬ್ಬರೇ. ರಂಗಮ್ಮನ ಮದುವೆಯಲ್ಲಿ ಬಡಿಸಿದವರು, ಎಂಬತ್ತು ದಾಟಿದ ಮುದುಕರು. "ಕಣ್ಣಾರ ಕಂಡದ್ದು ಹೇಳಕ್ಕೆ ನನಗೇನು ಭಯ? ಬತ್ತೀನಿ ನಡಿಯವ್ವ," ಅಂದಿದ್ದರು.

ಸಾಕ್ಷಿಯ ದಿನ ಬೆಳಿಗ್ಗೆ ವನಜಾಕ್ಷಿ ಸೀರೆ ಉಡುತ್ತಿದ್ದಾಗ ಬಚ್ಚಲಲ್ಲಿ ದಡ್ ಎಂದು ಸದ್ದಾಯಿತು. ರಂಗಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಸ್ಪತ್ರೆಯಿಂದ ವಕೀಲರಿಗೆ ಆರು ಸಲ ಫೋನ್ ಮಾಡಿದರೂ ಅವರು ಎತ್ತಲಿಲ್ಲ. ಆ ದಿನ ಅವರಿಗೆ ಗುಬ್ಬಿಯಲ್ಲಿ ಬೇರೊಂದು ಕೇಸಿತ್ತು. ಕುಣಿಗಲ್ಲಿನಲ್ಲಿ ವನಜಾಕ್ಷಿಯ ಹೆಸರು ಮೂರು ಸಲ ಕೂಗಿದರು. ನರಸಿಂಹಯ್ಯ ಹೊರಗೆ ಬೆಂಚಿನ ಮೇಲೆ ಕೂತೇ ಇದ್ದರು. ಕೂಗಿದ್ದು ತಮ್ಮ ಹೆಸರಲ್ಲವೆಂದು ಏಳಲಿಲ್ಲ. ಸಂಜೆಯವರೆಗೆ ಕಾದು ಬಸ್ಸು ಹತ್ತಿದರು.

ಸಂಜೆ ಫೋನಿಗೆ ಸಿಕ್ಕ ವಕೀಲರು, "ಡೇಟ್ ತಗೋತೀನಿ, ತಾಯೀನ ನೋಡ್ಕೊಳ್ಳಿ," ಅಂದರು. ಮುಂದೆ ಕೇಳಿದಾಗಲೆಲ್ಲ ಅದೇ ಮಾತು. ಹಾಸಿಗೆ ಹಿಡಿದ ರಂಗಮ್ಮ ಐದು ತಿಂಗಳು ನರಳಿ ತೀರಿಕೊಂಡಳು. ತಿಥಿ ಮುಗಿಸಿ ವನಜಾಕ್ಷಿ ತಾನೇ ಕೋರ್ಟಿಗೆ ಹೋದಳು.

ಗುಮಾಸ್ತ ಕಂಪ್ಯೂಟರ್ ನೋಡಿ, "ಈ ಕೇಸ್ ಸಾಕ್ಷಿ ದಿನಾನೇ ವಜಾ ಆಗೈತಲ್ಲಮ್ಮ. ನೀವು ಬಂದಿಲ್ಲ," ಅಂದ.

ಅವಳು ಆದೇಶದ ನಕಲು ತೆಗೆಸಿಕೊಂಡು ಬೇರೆ ವಕೀಲರನ್ನು ಹುಡುಕಿ ಹೊರಟಳು.

ಹೊಸ ವಕೀಲೆ ಪ್ರಮೀಳಾ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಇದೇ ವಿಷಯಕ್ಕೆ ಹೊಸ ದಾವೆ ಹಾಕೋಕೆ ಬರಲ್ಲ ಅಕ್ಕ. ಹಳೇದಕ್ಕೇ ಮತ್ತೆ ಜೀವ ಕೊಡಿಸ್ಬೇಕು. ಅದಕ್ಕೆ ಮೂವತ್ತು ದಿನ ಇತ್ತು, ಮುಗಿದುಹೋಗಿದೆ. ತಡ ಯಾಕಾಯ್ತು ಅಂತಾನೂ ಬೇರೆ ಅರ್ಜಿ ಕೊಡ್ಬೇಕು."

ಎರಡು ಅರ್ಜಿಗೂ ಕಾಂತೇಶನ ಕಡೆಯವರು ತಕರಾರು ಹಾಕಿದರು. ಗೈರುಹಾಜರಿಗೆ ಕಾರಣವಾಗಿ ಕೊಟ್ಟ ಆಸ್ಪತ್ರೆಯ ಚೀಟಿಯಲ್ಲಿ "ರಂಗಮ್ಮ, ಗಂಡ ಕಾಳಯ್ಯ" ಎಂದಿತ್ತು.

"ಇದನ್ನ ಬರೆಸಿದ್ದು ಯಾರು?" ಎಂದು ಅವರ ವಕೀಲರು ಕೇಳಿದರು.

"ನಾನೇ ಸಾ."

"ಅಂದ್ರೆ ಆಗಲೇ ಸಾಕ್ಷಿ ತಯಾರು ಮಾಡ್ತಾ ಇದ್ರಿ?"

"ಅವ್ವ ನೋವಲ್ಲಿ ಕಿರುಚ್ತಾ ಇದ್ಲು. ನರ್ಸ್ ಕೇಳಿದ್ರು, ಹೇಳ್ದೆ."

ಒಂದೂವರೆ ವರ್ಷ ಹೀಗೇ ನಡೆಯಿತು. ಪ್ರತಿ ಡೇಟಿಗೂ ವನಜಾಕ್ಷಿ ರಜೆ ಹಾಕಿ ಕೋರ್ಟು ತೆರೆಯುವ ಮೊದಲೇ ಬಾಗಿಲಲ್ಲಿ ಇರುತ್ತಿದ್ದಳು. ಕೊನೆಗೆ ನ್ಯಾಯಾಧೀಶರು ತಡವನ್ನು ಮನ್ನಿಸಿ ದಾವೆಯನ್ನು ಮತ್ತೆ ದಾಖಲೆಗೆ ತೆಗೆದುಕೊಂಡರು.

ಅವಳು ನೇರವಾಗಿ ನರಸಿಂಹಯ್ಯನವರ ಮನೆಗೆ ಹೋದಳು. ಮುದುಕರು ಜಗಲಿಯ ಮೇಲಿದ್ದರು. ಅವಳನ್ನು ಕಂಡೊಡನೆ, "ಚಪ್ಪಲಿ ಕೊಡವ್ವ, ಕುಣಿಗಲ್ ಕೋಲ್ಟಿಗೆ ಹೋಗ್ಬೇಕು," ಅಂದರು.

"ದಿನಾ ಬೆಳಿಗ್ಗೆ ಇದೇ ಮಾತು ಕಣಕ್ಕ," ಎಂದಳು ಒಳಗಿನಿಂದ ಬಂದ ಸೊಸೆ. "ನಮ್ಮನ್ನೂ ಗುರುತು ಹಿಡಿಯಲ್ಲ."

ವನಜಾಕ್ಷಿ ಅವರ ಪಕ್ಕ ಕೂತು ಮೆಲ್ಲಗೆ, "ತಾತ, ಕೋರ್ಟಲ್ಲಿ ಏನು ಹೇಳ್ತೀಯಾ? ಕಾಳಯ್ಯನ ಮದ್ವೆ..." ಅಂದಳು.

"ಯಾವ ಕಾಳಯ್ಯ?" ಅಂದರು ನರಸಿಂಹಯ್ಯ.

ಕಟಕಟೆಗೆ ಅವಳೊಬ್ಬಳೇ ಹತ್ತಿದಳು. ಅವ್ವ ಹೇಳಿದ್ದನ್ನೆಲ್ಲ ಹೇಳಿದಳು. ನೀವು ಕಣ್ಣಾರೆ ಕಂಡದ್ದೇನು ಎಂದು ಕೇಳಿದಾಗ, "ನಾನಾಗ ಮೂರು ವರ್ಷದ ಮಗು ಸಾ," ಅಂದಳು. ಈ ಸಲ ದಾವೆ ವಜಾ ಆದದ್ದು ರುಜುವಾತಿಲ್ಲದ ಕಾರಣಕ್ಕೆ. ಮೇಲ್ಮನವಿ ಹಾಕೋಣವೆಂದು ಪ್ರಮೀಳಾ ಹೇಳಿದರು. "ಅಲ್ಲಿಗೆ ಯಾರನ್ನ ಕರ್ಕೊಂಡ್ ಬರ್ಲಿ ಮೇಡಂ?" ಅಂದಳು ವನಜಾಕ್ಷಿ.

ತೀರ್ಪಿನ ಪ್ರತಿಯನ್ನು ಅವಳು ಬಸ್ ನಿಲ್ದಾಣದಲ್ಲಿ ಕೂತು ಓದಿದಳು. "ಕಾಳಯ್ಯನ ಮಗಳೆಂದು ಹೇಳಿಕೊಳ್ಳುವ ವಾದಿ" ಎಂಬಲ್ಲಿಗೆ ಬಂದಾಗ ಮಡಚಿ ಚೀಲಕ್ಕೆ ಹಾಕಿಕೊಂಡಳು. ಮಧ್ಯಾಹ್ನ ಎರಡರ ಶಿಫ್ಟಿಗೆ ಹೊತ್ತಾಗಿತ್ತು. ತುಮಕೂರಿನ ಬಸ್ಸಿನಲ್ಲಿ ಸೀಟಿರಲಿಲ್ಲ, ನಿಂತುಕೊಂಡೇ ಹೋದಳು.