ಪುರಾವೆ ಮಾವನ ಕಿವಿ

ಅಮ್ಮನ ತಮ್ಮನಿಗೆ ನಾವು ಮಕ್ಕಳೆಲ್ಲ ಸೇರಿ ಇಟ್ಟ ಹೆಸರು ಪುರಾವೆ ಮಾವ. ಯಾರು ಏನೇ ಹೇಳಲಿ, ಅವನ ಬಾಯಿಂದ ಮೊದಲು ಬರುತ್ತಿದ್ದ ಮಾತು ‘ಪುರಾವೆ ಏನು?’ ಇವತ್ತು ಸೆಕೆ ಜಾಸ್ತಿ ಎಂದರೂ ಗೋಡೆಯ ಮೇಲಿನ ತಾಪಮಾಪಕವನ್ನು ಇಣುಕಿ ನೋಡಿಯೇ ಒಪ್ಪುವ ಆಸಾಮಿ. ಮದುವೆಯಾಗಲಿಲ್ಲ. ‘ಹೆಣ್ಣಿನ ಕಡೆಯವರನ್ನೂ ಪುರಾವೆ ಕೇಳಿರಬೇಕು’ ಎಂದು ಅಮ್ಮ ಈಗಲೂ ಗೊಣಗುತ್ತಾಳೆ.

ಹರೆಯದಲ್ಲಿ ಅವನು ಒಂದು ಚಿತ್ರಮಂದಿರದಲ್ಲಿ ಧ್ವನಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ಪರದೆಯ ಪಕ್ಕದ ಇಕ್ಕಟ್ಟಾದ ಕೋಣೆ, ಬಲಗಡೆಗೆ ಆಳೆತ್ತರದ ಸ್ಪೀಕರ್, ದಿನಕ್ಕೆ ನಾಲ್ಕು ಆಟ. ಅದು ಮುಚ್ಚಿದ ಮೇಲೆ ಮುಖ್ಯ ಬೀದಿಯಿಂದ ಒಳಗೆ ತಿರುಗಿದರೆ ಸಿಗುವ ಸಾಲಿನಲ್ಲಿ ಒಂದು ಮಳಿಗೆ ಹಿಡಿದ. ರೇಡಿಯೊ, ಟೇಪ್ ರೆಕಾರ್ಡರ್, ಆಂಪ್ಲಿಫೈಯರ್, ಸದ್ದು ಮಾಡುವ ಯಾವುದು ಕೆಟ್ಟರೂ ಅಲ್ಲಿಗೆ ಬರುತ್ತಿತ್ತು. ಅವನ ಕೆಲಸಕ್ಕೆ ಒಂದು ಪದ್ಧತಿಯಿತ್ತು. ಬಂದದ್ದನ್ನು ಕೂಡಲೇ ಬಿಚ್ಚುತ್ತಿರಲಿಲ್ಲ. ಹಾಡು ಹಾಕಿ, ಕಣ್ಣು ಮುಚ್ಚಿ ಎರಡು ನಿಮಿಷ ಕೇಳಿ, ರೋಗ ಏನೆಂದು ಒಂದು ಚೀಟಿಯಲ್ಲಿ ಬರೆದು ಅದರ ತಲೆಗೆ ಅಂಟಿಸುತ್ತಿದ್ದ. ‘ಕೋನ್ ಹರಿದಿದೆ’, ‘ಕೆಪಾಸಿಟರ್ ಹೋಗಿದೆ’, ‘ಇದಕ್ಕೇನೂ ಆಗಿಲ್ಲ, ಯಜಮಾನರು ತಪ್ಪು ಗುಂಡಿ ಒತ್ತಿದ್ದಾರೆ’. ಆಮೇಲೆ ಸ್ಕ್ರೂ ತಿರುಗಿಸುವುದು. ಒಳಗೆ ನೋಡಿದರೆ ಚೀಟಿಯ ಮಾತೇ ನಿಜ. ಗಿರಾಕಿಗಳು ಬಾಯಿ ಬಿಟ್ಟುಕೊಂಡು ನೋಡಿದರೆ, ‘ಇದರಲ್ಲಿ ಮಂತ್ರಗಿಂತ್ರ ಏನಿಲ್ಲ, ಕಿವಿ ಇದೆ ಅಷ್ಟೆ’ ಎನ್ನುತ್ತಿದ್ದ. ಹೇಳುವಾಗ ದನಿಯಲ್ಲಿ ಜಂಬ ಇದ್ದೇ ಇರುತ್ತಿತ್ತು.

ಇಂಥವನಿಗೆ ಭಾವನಾಗಿ ಸಿಕ್ಕಿದ್ದು ನನ್ನ ಅಪ್ಪ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ದಿನವಿಡೀ ಊರವರ ದೂರು ಬರೆದುಕೊಂಡು, ಸಂಜೆ ಮುಂದಿನ ಕೋಣೆಯಲ್ಲಿ ಎರಡು ಸ್ಪೀಕರ್‌ಗಳೆದುರಿನ ಕುರ್ಚಿಯಲ್ಲಿ ಕೂತರೆಂದರೆ ಊಟಕ್ಕೆ ಮೂರು ಸಲ ಕೂಗಬೇಕು. ಅಪ್ಪನಿಗೆ ಹಾಡೆಂದರೆ ಪ್ರಾಣ. ಅದು ಇನ್ನೂ ಒಂದು ಚೂರು ಚೆನ್ನಾಗಿ ಕೇಳುತ್ತದೆ ಎಂದು ಯಾರು ಹೇಳಿದರೂ ನಂಬಿಬಿಡುತ್ತಿದ್ದರು. ಆಂಪ್ಲಿಫೈಯರ್ ಮೇಲಿಡಲು ನುಣುಪಾದ ಕರಿಕಲ್ಲು ತಂದರು. ಅದು ಕಂಪನ ಹೀರುತ್ತದಂತೆ. ಸದ್ದು ತಿಳಿಯಾಗಲೆಂದು ಸಿಡಿಯ ಅಂಚಿಗೆ ಬಳಿಯಲು ಹಸಿರು ಪೆನ್ನು ತಂದರು. ತಂತಿ ನೆಲಕ್ಕೆ ತಾಗಬಾರದೆಂದು ಗೇಣಿಗೊಂದರಂತೆ ಮರದ ಪುಟ್ಟ ಪೀಠಗಳನ್ನು ತಂದರು. ಅವುಗಳ ನಡುವೆ ಕಸ ಗುಡಿಸುವ ಭಾಗ್ಯ ನನ್ನದಾಯಿತು. ಪ್ರತಿ ಸಲವೂ ಅಪ್ಪ ಕಣ್ಣರಳಿಸಿ, ‘ನೋಡು, ಈಗ ಪಿಟೀಲಿನವರು ಇಲ್ಲೇ ಬಂದು ಕೂತ ಹಾಗಿದೆ’ ಎನ್ನುತ್ತಿದ್ದರು. ನನಗೇನೋ ಅವರು ಮೊದಲಿದ್ದಲ್ಲೇ ಇದ್ದರು.

‘ಭಾವ, ಯಾರೋ ನಿಮ್ಮ ಕಿವಿಗೆ ಚೆನ್ನಾಗಿ ಹೂ ಇಟ್ಟಿದಾರೆ’ ಎಂದು ಮಾವ ಬಂದಾಗಲೆಲ್ಲ ನಗುತ್ತಿದ್ದ.

‘ಇಲ್ಲ ಕಣಯ್ಯ, ನನಗೆ ಕೇಳಿಸುತ್ತೆ.’

‘ಪುರಾವೆ ಏನು?’

ಇಪ್ಪತ್ತು ವರ್ಷ ಇದೇ ಮಾತುಕತೆ. ಅಪ್ಪ ಒಂದು ದಿನವೂ ರೇಗಲಿಲ್ಲ, ಆದರೆ ಅವರ ಮುಖ ಸ್ವಲ್ಪ ಚಿಕ್ಕದಾಗುತ್ತಿತ್ತು. ಮಾವ ಹೇಳುವುದು ಸರಿ ಎಂದು ಗೊತ್ತಿದ್ದರೂ ಆಗೆಲ್ಲ ನನಗೆ ಅವನ ಮೇಲೇ ಸಿಟ್ಟು ಬರುತ್ತಿತ್ತು. ಸರಿ ಇರುವವರು ಅಷ್ಟು ಜೋರಾಗಿ ನಗಬೇಕಾಗಿಲ್ಲ.

ಹೋದ ವರ್ಷ ಅಪ್ಪ ನಿವೃತ್ತರಾದರು. ಅಮ್ಮನಿಗೂ ಹೇಳದೆ ಒಂದು ಜೊತೆ ಸ್ಪೀಕರ್ ತಂತಿ ತರಿಸಿಕೊಂಡರು. ಹೆಬ್ಬೆರಳಿಗಿಂತ ದಪ್ಪ, ಮೇಲೆ ಹೆಣೆದ ಬಟ್ಟೆ, ಸಂಗೀತ ಯಾವ ಕಡೆಗೆ ಹರಿಯಬೇಕೆಂದು ತೋರಿಸುವ ಬಾಣದ ಗುರುತು ಬೇರೆ. ಆ ಬಾಣ ನೋಡಿ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪ ಅವತ್ತು ಹಠಕ್ಕೆ ಬಿದ್ದರು.

‘ಆಯ್ತಯ್ಯ, ನೀನೇ ಪರೀಕ್ಷೆ ಮಾಡು. ನಾನು ಸೋತರೆ ಇದನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕ್ತೀನಿ. ನೀನು ಸೋತರೆ ಈ ಮನೇಲಿ ಇನ್ನು ನಗಕೂಡದು.’

ಭಾನುವಾರ ಮಧ್ಯಾಹ್ನ ಮಾವ ಒಂದು ಜೊತೆ ಸಾದಾ ತಂತಿ ಹಿಡಿದುಕೊಂಡು ಬಂದ. ಕೋಣೆಗೆ ಅಡ್ಡಲಾಗಿ ಹಳೆಯ ಹೊದಿಕೆ ಕಟ್ಟಿ, ಸ್ಪೀಕರ್‌ಗಳನ್ನೂ ನನ್ನನ್ನೂ ಅದರ ಹಿಂದಕ್ಕೆ ತಳ್ಳಿದ. ನಾಣ್ಯ ಚಿಮ್ಮಿ, ತಲೆ ಬಿದ್ದರೆ ದಪ್ಪ ತಂತಿ, ಇಲ್ಲವಾದರೆ ಸಾದಾ ತಂತಿ ಸಿಕ್ಕಿಸುವುದು ನನ್ನ ಕೆಲಸ. ಹತ್ತು ಸಲ ಅದೇ ಹಾಡು. ಅಮ್ಮ ತೀರ್ಪುಗಾರ್ತಿ. ಆರು ಸಲ ಮುಗಿಯುವಾಗ ಅಪ್ಪ ಮೂರು ಸಲ ಸರಿ ಹೇಳಿದ್ದರು, ಮೂರು ಸಲ ತಪ್ಪು. ಮಾವ ಪ್ರತಿ ಸಲವೂ ‘ಏನೂ ವ್ಯತ್ಯಾಸ ಇಲ್ಲ’ ಎಂದಿದ್ದ.

ಏಳನೆಯ ಸಲ ತಪ್ಪು ಮಾಡಿದವಳು ನಾನು. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತ್ತು. ಬಲಗಡೆಯ ಸ್ಪೀಕರಿಗೆ ತಂತಿ ಸಿಕ್ಕಿಸದೆಯೇ ಹಾಡು ಹಾಕಿಬಿಟ್ಟೆ. ಕೋಣೆಯ ಅರ್ಧ ಭಾಗ ಸತ್ತ ಹಾಗಾಯಿತು. ಪಿಟೀಲು, ಹಾಡುವ ದನಿ ಎಲ್ಲವೂ ಎಡಮೂಲೆಯೊಂದರಿಂದಲೇ ಬರುತ್ತಿತ್ತು. ಯಾರಿಗೂ ತಿಳಿಯದೆ ಹೋಗುವಂಥದ್ದಲ್ಲ ಅದು. ನಿಲ್ಲಿಸೋಣವೆಂದು ಕೈ ಚಾಚಿದೆ. ಅಷ್ಟರಲ್ಲಿ ಮಾವನ ಗೆದ್ದ ದನಿ ಕೇಳಿಸಿತು.

‘ನೋಡಿದ್ರಾ? ಹಾಗೇ ಇದೆ! ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ನೀವು ಹೇಳಿ ಭಾವ.’

ನಾನು ಹೊದಿಕೆಯ ಅಂಚಿನಿಂದ ಇಣುಕಿದೆ. ಅಮ್ಮ ಏನೋ ಹೇಳಲು ಬಾಯಿ ತೆರೆದಿದ್ದಳು. ಅಪ್ಪ ಅವಳ ಕೈ ಅದುಮಿದರು. ಮಾವ ಕಣ್ಣು ಮುಚ್ಚಿಕೊಂಡು ತಾಳಕ್ಕೆ ತಲೆಯಾಡಿಸುತ್ತಿದ್ದ. ಅಪ್ಪ ಅವನನ್ನೇ ನೋಡುತ್ತಿದ್ದರು. ನನಗೆ ಒಂದೊಂದೇ ನೆನಪಾಗತೊಡಗಿತು. ಬಲಗಡೆಯಿಂದ ಕರೆದರೆ ಮಾವ ಓಗೊಡದೆ ಹೋಗುತ್ತಿದ್ದನಲ್ಲ, ನಾವು ಕೊಬ್ಬು ಎಂದುಕೊಂಡಿದ್ದೆವು. ಫೋನನ್ನು ಎಡಗಿವಿಗೇ ಹಿಡಿಯುತ್ತಿದ್ದ. ಆರು ತಿಂಗಳಿಂದ ಮಳಿಗೆಯಲ್ಲಿ ಚೀಟಿಗಳೂ ಕಾಣುತ್ತಿರಲಿಲ್ಲ. ಕೇಳಿದರೆ ‘ಅದಕ್ಕೆಲ್ಲ ಪುರಸೊತ್ತಿಲ್ಲ’ ಎಂದಿದ್ದ.

ಅಪ್ಪ ಒಂದೇ ಮಾತು ಹೇಳಿದ್ದರೆ ಇಪ್ಪತ್ತು ವರ್ಷದ ನಗು ಅವತ್ತಿಗೆ ನಿಲ್ಲುತ್ತಿತ್ತು.

‘ಇಲ್ಲಪ್ಪ, ನನಗೂ ಏನೂ ಗೊತ್ತಾಗ್ಲಿಲ್ಲ’ ಎಂದರು. ‘ಸಾಕು, ಸೋತೆ. ಎಲ್ಲ ಬಿಚ್ಚಿಬಿಡು ಮಗಳೇ.’

ನಾನು ಬಿಚ್ಚುವ ಮೊದಲೇ ಮಾವ ಹುರುಪಿನಿಂದ ಹೊದಿಕೆ ಸರಿಸಿ ಒಳಗೆ ಬಂದ. ಬಲಗಡೆಯ ತಂತಿಯ ತುದಿ ನೆಲದ ಮೇಲೆ ಬಿದ್ದಿತ್ತು. ಅದನ್ನು ಎತ್ತಿ ಹಿಡಿದುಕೊಂಡ.

‘ಇದು ಯಾವಾಗಿಂದ ಹೀಗಿದೆ?’

‘ಈ ಸಲ ಮಾತ್ರ ಮಾವ. ಮರೆತುಹೋಯ್ತು.’

‘ನಿಮ್ಮಪ್ಪಂಗೆ ಗೊತ್ತಾಯ್ತಾ?’

‘ಆಯ್ತು’ ಎಂದೆ. ಸುಳ್ಳು ಹೇಳಲು ನನಗೆ ಅಪ್ಪನಷ್ಟು ಬರುವುದಿಲ್ಲ. ಮಾವ ತಂತಿಯನ್ನು ಮೆಲ್ಲಗೆ ಕೆಳಗಿಟ್ಟು, ಚಪ್ಪಲಿ ಹಾಕಿಕೊಂಡು, ಚಹಾವನ್ನೂ ಕುಡಿಯದೆ ಹೊರಟುಹೋದ.

ಮೂರು ವಾರ ಅವನು ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಮಳಿಗೆಯ ಬಾಗಿಲು ಅರ್ಧ ಇಳಿದೇ ಇರುತ್ತಿತ್ತು. ಬಂದ ಗಿರಾಕಿಗಳಿಗೆ ‘ಕೈತುಂಬ ಕೆಲಸ ಇದೆ, ಬೇರೆ ಕಡೆ ನೋಡಿ’ ಎನ್ನುತ್ತಿದ್ದನಂತೆ. ಕಡೆಗೆ ಅಪ್ಪನೇ ಹೋಗಿ ಅವನ ಎಡಗಡೆಗೆ ಸ್ಟೂಲು ಎಳೆದುಕೊಂಡು ಕೂತರು. ಅಲ್ಲಿ ಏನು ಮಾತಾಯಿತೋ ನನಗೆ ತಿಳಿಯದು. ಅದೇ ವಾರ, ಗುರುವಾರ ಬೆಳಿಗ್ಗೆ, ಇಬ್ಬರನ್ನೂ ಕಿವಿ ಪರೀಕ್ಷೆಯ ಕೇಂದ್ರಕ್ಕೆ ಕರೆದುಕೊಂಡು ಹೋದವಳು ನಾನು.

ಗಾಜಿನ ಕಿಟಕಿಯಿದ್ದ ಒಂದು ಪುಟ್ಟ ಕೋಣೆ. ಮಾವನ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಶಬ್ದ ಕೇಳಿಸಿದಾಗಲೆಲ್ಲ ಒತ್ತಬೇಕೆಂದು ಪರೀಕ್ಷೆ ಮಾಡುವ ಹುಡುಗಿ ಹೇಳಿದಳು. ಮಾವ ಬೆನ್ನು ನೆಟ್ಟಗೆ ಮಾಡಿ ಕೂತು ಕಣ್ಣು ಮುಚ್ಚಿದ. ಅವನ ಹಣೆಯಲ್ಲಿ ಬೆವರು ಕಾಣುತ್ತಿತ್ತು. ಮೊದಲು ಎಡಗಿವಿ, ಆಮೇಲೆ ಬಲಗಿವಿ. ಬಲಗಿವಿಯ ಸರದಿಯಲ್ಲೂ ಹೆಬ್ಬೆರಳು ಒತ್ತುತ್ತಲೇ ಇತ್ತು.

‘ನೋಡೇ, ಒತ್ತುತಾ ಇದಾನೆ!’ ಅಪ್ಪ ನನ್ನ ತೋಳು ಹಿಡಿದು ಪಿಸುಗುಟ್ಟಿದರು. ‘ಕೇಳಿಸ್ತಿದೆ ಅವನಿಗೆ!’

ಹುಡುಗಿ ಮಾವನ ಹೆಡ್‌ಫೋನ್ ತೆಗೆದು ನಮ್ಮನ್ನೂ ಒಳಗೆ ಕರೆದಳು. ಎಡಗಿವಿ ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿದೆ ಎಂದಳು. ಬಲಗಿವಿ ಬಹುತೇಕ ಹೋಗಿದೆ, ಅದು ಮರಳಿ ಬರುವುದಿಲ್ಲ ಎಂದಳು.

‘ಆದ್ರೆ ಅವನು ಗುಂಡಿ ಒತ್ತಿದ್ನಲ್ಲಮ್ಮ’ ಎಂದರು ಅಪ್ಪ.

ಹುಡುಗಿ ಹಾಳೆ ನೋಡಿ ದನಿ ತಗ್ಗಿಸಿದಳು. ‘ನಾನು ಶಬ್ದವೇ ಕೊಡದೆ ಇದ್ದಾಗ ಒತ್ತಿದಾರೆ ಸರ್. ಒಂಬತ್ತು ಸಲ.’

ನನಗೆ ಮಾವನ ಮುಖ ನೋಡಲಾಗಲಿಲ್ಲ.

‘ಕೇಳಿಸ್ತು’ ಎಂದ. ‘ಎಲ್ಲೋ ದೂರದಲ್ಲಿ, ಸಣ್ಣಗೆ. ಸುಳ್ಳು ಹೇಳ್ತಿಲ್ಲ ಭಾವ. ನಿಜವಾಗ್ಲೂ ಕೇಳಿಸ್ತು.’

‘ಗೊತ್ತು ಕಣೋ’ ಎಂದರು ಅಪ್ಪ. ‘ಕೇಳಿಸಿರುತ್ತೆ.’

ಮಾವ ಅವರನ್ನು ಹೊಸದಾಗಿ ನೋಡುವವನಂತೆ ನೋಡಿದ.

‘ನಿಮಗೂ ಹೀಗೇ ಕೇಳಿಸ್ತಿತ್ತಾ?’

‘ಹೂಂ. ಹೀಗೇ.’

‘ಇಪ್ಪತ್ತು ವರ್ಷ ನಕ್ಕುಬಿಟ್ಟೆನಲ್ಲ ಭಾವ’ ಎಂದು ಮಾವ ಅಪ್ಪನ ಕೈ ಹಿಡಿದುಕೊಂಡ.